ಬಿಸಿಲಿದ್ದರೂ ಕತ್ತಲು: ಮನೆಯ ಬ್ಯಾಟರಿಗೆ ಬೇಕು ಹೊಂದಾಣಿಕೆ

ಚಾವಣಿಯ ಮೇಲೆ ಸೌರಫಲಕಗಳಿವೆ, ಮೆಟ್ಟಿಲಿನ ಕೆಳಗೆ ಯುಪಿಎಸ್ ಬ್ಯಾಟರಿಯಿದೆ. ಆದರೂ ನಡುಹಗಲಿನಲ್ಲಿ ವಿದ್ಯುತ್ ಕಡಿತವಾದೊಡನೆ ಫಲಕಗಳು ಸ್ತಬ್ಧಗೊಳ್ಳುತ್ತವೆ. ದೀಪ, ಫ್ಯಾನುಗಳು ಗ್ರಿಡ್‌ನಿಂದ ತುಂಬಿಕೊಂಡಿದ್ದ ಬ್ಯಾಟರಿಯನ್ನೇ ಕರಗಿಸತೊಡಗುತ್ತವೆ. ಸೌರವಿದ್ಯುತ್ ಅಳವಡಿಸಿಕೊಂಡ ಅನೇಕರಿಗೆ ಈ ಸಂಗತಿ ತಿಳಿಯುವುದು ಮೊದಲ ಕಡಿತದ ದಿನವೇ.

ಇದು ಯಂತ್ರದ ದೋಷವಲ್ಲ. ಗ್ರಿಡ್‌ಗೆ ಜೋಡಿಸಿದ ಸಾಮಾನ್ಯ ಸೌರ ಇನ್ವರ್ಟರ್, ಹೊರಗಿನ ವಿದ್ಯುತ್ ನಿಂತ ಕ್ಷಣವೇ ತಾನೂ ನಿಲ್ಲಬೇಕು. ಇಲ್ಲವಾದರೆ ಮನೆಯ ವಿದ್ಯುತ್ ಬೀದಿಯ ತಂತಿಗೆ ಹರಿದು, ತಂತಿ ನಿರ್ಜೀವವೆಂದು ನಂಬಿ ಕಂಬವೇರಿದ ಲೈನ್‌ಮನ್ ಪ್ರಾಣಕ್ಕೇ ಸಂಚಕಾರ ಬಂದೀತು.

ಇದಕ್ಕೆ ಪರಿಹಾರ ಹೈಬ್ರಿಡ್ ಇನ್ವರ್ಟರ್. ಕಡಿತವಾದಾಗ ಅದು ಮನೆಯನ್ನು ಗ್ರಿಡ್‌ನಿಂದ ಬೇರ್ಪಡಿಸಿ, ಫಲಕ ಮತ್ತು ಬ್ಯಾಟರಿಗಳ ನೆರವಿನಿಂದ ತನ್ನದೇ ಪುಟ್ಟ ಗ್ರಿಡ್ ನಿರ್ಮಿಸುತ್ತದೆ. ಹಳೆಯ ಸೌರ ಇನ್ವರ್ಟರ್ ಉಳಿಸಿಕೊಳ್ಳಬಯಸುವವರು ಅದಕ್ಕೆ ಹೊಂದುವ ಬ್ಯಾಟರಿ ಇನ್ವರ್ಟರ್ ಸೇರಿಸಬಹುದು. ಬ್ಯಾಟರಿ ತುಂಬಿದಾಗ ಅದು ಆವರ್ತನವನ್ನು ತುಸು ಏರಿಸುತ್ತದೆ. ಆ ಸೂಚನೆಯಿಂದ ಸೌರ ಇನ್ವರ್ಟರ್ ಉತ್ಪಾದನೆ ತಗ್ಗಿಸುತ್ತದೆ. ಸಾಮಾನ್ಯ ಯುಪಿಎಸ್‌ಗೆ ಈ ಸಾಮರ್ಥ್ಯವಿಲ್ಲ. ಅದರ ಹೊರತಂತಿಗೆ ಸೌರ ಇನ್ವರ್ಟರ್ ಜೋಡಿಸಿದರೆ ವಿದ್ಯುತ್ ಹಿಮ್ಮುಖವಾಗಿ ನುಗ್ಗಿ ಯುಪಿಎಸ್ ಸುಟ್ಟುಹೋಗಬಹುದು.

ಇನ್ನು ಸಾಮರ್ಥ್ಯದ ಮಾತು. 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1.8 ಯೂನಿಟ್ ಇರುತ್ತದೆ. ಸೀಸ-ಆಮ್ಲದ ಬ್ಯಾಟರಿ ಬಾಳಿಕೆ ಬರಬೇಕಾದರೆ ಅರ್ಧವನ್ನಷ್ಟೇ ಬಳಸುವುದು ಕ್ಷೇಮ, ಅಂದರೆ 0.9 ಯೂನಿಟ್. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಶೇ 80ರಿಂದ 90ರಷ್ಟನ್ನು ಬಳಸಬಹುದು. ಆದರೆ ಅದರ ಚಾರ್ಜಿಂಗ್ ವೋಲ್ಟೇಜ್ ಬೇರೆ. ಇನ್ವರ್ಟರ್‌ನ ಹೊಂದಿಕೆ ಬದಲಿಸದೆ ಬ್ಯಾಟರಿಯನ್ನಷ್ಟೇ ಬದಲಿಸುವುದಾಗಲೀ, ಹಳೆಯದರ ಪಕ್ಕದಲ್ಲಿ ಹೊಸದನ್ನು ಸಮಾನಾಂತರವಾಗಿ ಜೋಡಿಸುವುದಾಗಲೀ ಸಲ್ಲದು.

ಇದಕ್ಕೆ ಹೋಲಿಸಿದರೆ ಬಿಸಿನೀರಿನ ಲೆಕ್ಕ ಬೆರಗು ಹುಟ್ಟಿಸುತ್ತದೆ. ನೂರು ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಲು ಸುಮಾರು 4 ಯೂನಿಟ್ ಶಕ್ತಿ ಬೇಕು. ಬೆಂಗಳೂರಿನ ಎಷ್ಟೋ ತಾರಸಿಗಳಲ್ಲಿ ಕಾಣುವ ಸೋಲಾರ್ ವಾಟರ್ ಹೀಟರ್‌ನ ಟ್ಯಾಂಕು, ಮೆಟ್ಟಿಲ ಕೆಳಗಿನ ಬ್ಯಾಟರಿ ಕೊಡುವುದರ ನಾಲ್ಕು ಪಟ್ಟಿಗೂ ಹೆಚ್ಚು ಶಕ್ತಿಯನ್ನು ಶಾಖರೂಪದಲ್ಲಿ ಹಿಡಿದಿಡುತ್ತದೆ! ಅದು ಕೆಟ್ಟು ಕೂತಿದ್ದರೆ ದುಬಾರಿ ಬ್ಯಾಟರಿ ಕೊಳ್ಳುವ ಮುನ್ನ ಅದನ್ನು ದುರಸ್ತಿ ಮಾಡಿಸುವುದೇ ಜಾಣತನ. ಗೀಸರನ್ನಂತೂ ಬ್ಯಾಟರಿಗೆ ಜೋಡಿಸಲೇಬಾರದು.

ಆದ್ದರಿಂದ ಮನೆಯ ವೈರಿಂಗ್ ಎರಡಾಗಬೇಕು. ದೀಪ, ಫ್ಯಾನು, ಇಂಟರ್‌ನೆಟ್ ಉಪಕರಣ, ಫ್ರಿಜ್ ಬ್ಯಾಟರಿಯ ಕಡೆಗೆ. ಗೀಸರ್, ಇಸ್ತ್ರಿಪೆಟ್ಟಿಗೆ, ಇಂಡಕ್ಷನ್ ಒಲೆ, ಹವಾನಿಯಂತ್ರಕ ಗ್ರಿಡ್‌ನ ಕಡೆಗೆ. ನೀರೆತ್ತುವ ಪಂಪು ಚಾಲೂ ಆಗುವಾಗ ಮಾಮೂಲಿಗಿಂತ ಹಲವು ಪಟ್ಟು ವಿದ್ಯುತ್ ಎಳೆಯುವುದರಿಂದ ಅದೂ ಗ್ರಿಡ್‌ಗೇ ಸೇರಲಿ. ವಿದ್ಯುತ್ ಸ್ಕೂಟರನ್ನು ರಾತ್ರಿ ಮನೆಯ ಬ್ಯಾಟರಿಯಿಂದ ಚಾರ್ಜ್ ಮಾಡುವುದು ಕೊಡದಿಂದ ಬಿಂದಿಗೆಗೆ ನೀರು ಸುರಿದಂತೆ, ಚೆಲ್ಲಿದ್ದಷ್ಟು ನಷ್ಟ. ಹಗಲಿನಲ್ಲಿ ನೇರವಾಗಿ ಫಲಕಗಳಿಂದ ಚಾರ್ಜ್ ಮಾಡುವುದು ಲೇಸು.

ಹಣ ಉಳಿಯುತ್ತದೆಯೇ? ನೆಟ್ ಮೀಟರಿಂಗ್ ಇರುವ ಮನೆಗೆ ಗ್ರಿಡ್ಡೇ ಉಗ್ರಾಣ. ಹಗಲು ಕೊಟ್ಟದ್ದು ರಾತ್ರಿ ಪಡೆದದ್ದರಲ್ಲಿ ವಜಾ ಆಗುತ್ತದೆ. 2023ರಲ್ಲಿ ಆರಂಭವಾದ ಗೃಹಜ್ಯೋತಿಯಡಿ ಶೂನ್ಯ ಬಿಲ್ ಪಡೆಯುವ ಮನೆಯಲ್ಲಿ ಬ್ಯಾಟರಿಗೆ ಉಳಿಸಲು ಬಿಲ್ಲೇ ಇಲ್ಲ. 2024ರ ಪಿಎಂ ಸೂರ್ಯಘರ್ ಯೋಜನೆಯ ಸಹಾಯಧನ, 3 ಕಿಲೋವಾಟ್‌ಗೆ 78,000 ರೂಪಾಯಿ, ನಿಗದಿಯಾಗಿರುವುದು ಸೌರ ಘಟಕದ ಸಾಮರ್ಥ್ಯಕ್ಕೇ ಹೊರತು ಬ್ಯಾಟರಿಯ ಗಾತ್ರಕ್ಕಲ್ಲ. ಕಡಿತದ ವೇಳೆಯ ನೆಮ್ಮದಿಗೆ ತೆರುವ ಬೆಲೆಯೆಂದೇ ಬ್ಯಾಟರಿಯ ಖರ್ಚನ್ನು ಎಣಿಸುವುದು ಪ್ರಾಮಾಣಿಕ ಲೆಕ್ಕ.

ಅಳವಡಿಕೆ ಮುಗಿದ ದಿನ, ಕೊನೆಯ ಕಂತು ಪಾವತಿಸುವ ಮುನ್ನ, ತಂತ್ರಜ್ಞರ ಎದುರಿನಲ್ಲೇ ನಡುಹಗಲಿನಲ್ಲಿ ಗ್ರಿಡ್‌ನ ಮುಖ್ಯ ಸ್ವಿಚ್ ಆರಿಸಿ ನೋಡಬೇಕು. ಫ್ಯಾನು ತಿರುಗುತ್ತಿದ್ದು, ಇನ್ವರ್ಟರ್‌ನ ಪರದೆಯ ಮೇಲೆ ಫಲಕಗಳ ಉತ್ಪಾದನೆ ಸೊನ್ನೆಗಿಳಿದಿದ್ದರೆ ಜೋಡಣೆ ಇನ್ನೂ ಪೂರ್ಣವಾಗಿಲ್ಲ.