ದೀರ್ಘ ತಂತಿಗಳ ಸುತ್ತಲಿನ ವಿದ್ಯುತ್ ಕ್ಷೇತ್ರ

ಅತ್ಯುಚ್ಚ ವೋಲ್ಟೇಜಿನ ತಂತಿಗಳ ಕೆಳಗೆ, ಕತ್ತಲೆಯಲ್ಲಿ ಟ್ಯೂಬ್‌ಲೈಟೊಂದನ್ನು ನೆಟ್ಟಗೆ ನಿಲ್ಲಿಸಿದರೆ, ಅದಕ್ಕೆ ಯಾವ ಸಂಪರ್ಕವೂ ಇಲ್ಲದಿದ್ದರೂ ಮಂಕಾಗಿ ಬೆಳಗುವುದುಂಟು. ಇದು ಮಾಡಿ ನೋಡತಕ್ಕ ಪ್ರಯೋಗವಲ್ಲ. ಆದರೆ ತಂತಿಯ ಪ್ರಭಾವವು ತಂತಿಯಲ್ಲಿಯೇ ಮುಗಿಯುವುದಿಲ್ಲವೆಂಬುದಕ್ಕೆ ಇದು ಸಾಕ್ಷಿ. ಸುತ್ತಲಿನ ಗಾಳಿಯಲ್ಲಿ ವ್ಯಾಪಿಸಿರುವ ಈ ಪ್ರಭಾವವನ್ನೇ ವಿದ್ಯುತ್ ಕ್ಷೇತ್ರ ಎನ್ನುತ್ತಾರೆ.

ವಿದ್ಯುದಾವೇಶವು ಒಂದು ಬಿಂದುವಿನಲ್ಲಿದ್ದರೆ, ದೂರ ಇಮ್ಮಡಿಯಾದಾಗ ಕ್ಷೇತ್ರವು ಕಾಲು ಭಾಗಕ್ಕೆ ಇಳಿಯುತ್ತದೆ. ಫ್ರಾನ್ಸಿನ ಕೂಲಂ 1785ರಲ್ಲಿ ನಿರೂಪಿಸಿದ ನಿಯಮವಿದು. ಆವೇಶವು ಉದ್ದವಾದ ತಂತಿಯ ಮೇಲೆ ಸಮನಾಗಿ ಹರಡಿದ್ದರೆ ಲೆಕ್ಕ ಬೇರೆ. ಬಿಂದುವಿನಿಂದ ಹೊರಟ ಬಲರೇಖೆಗಳು ಗೋಳಾಕಾರವಾಗಿ ಎಲ್ಲ ದಿಕ್ಕಿಗೂ ಚದುರುತ್ತವೆ. ತಂತಿಯಿಂದ ಹೊರಟವು ಬಂಡಿಯ ಗಾಲಿಯ ಅರೆಕಾಲುಗಳಂತೆ ಪಕ್ಕಗಳಿಗೆ ಮಾತ್ರ ಹರಡುತ್ತವೆ. ಆದುದರಿಂದ ದೂರ ಇಮ್ಮಡಿಯಾದರೆ ಕ್ಷೇತ್ರವು ಅರ್ಧಕ್ಕಷ್ಟೇ ಇಳಿಯುತ್ತದೆ. ಮೀಟರಿಗೆ ಒಂದು ಮೈಕ್ರೊಕೂಲಂ ಆವೇಶವಿರುವ ತಂತಿಯಿಂದ 1 ಮೀಟರ್ ದೂರದಲ್ಲಿ ಕ್ಷೇತ್ರವು ಮೀಟರಿಗೆ ಸುಮಾರು 18,000 ವೋಲ್ಟ್. 10 ಮೀಟರ್ ದೂರದಲ್ಲಿ 1,800. ಅಷ್ಟೇ ಆವೇಶ ಒಂದೇ ಬಿಂದುವಿನಲ್ಲಿದ್ದರೆ ಈ ಸಂಖ್ಯೆಗಳು 9,000 ಮತ್ತು 90 ಆಗುತ್ತವೆ.

ನಿಜವಾದ ವಿದ್ಯುನ್ಮಾರ್ಗದಲ್ಲಿ ಮೂರು ಹಂತಗಳ ವಾಹಕಗಳಿರುತ್ತವೆ. ಅವುಗಳ ಆವೇಶಗಳು ಒಟ್ಟಿನಲ್ಲಿ ಪರಸ್ಪರ ಸರಿದೂಗುವುದರಿಂದ, ಮಾರ್ಗದಿಂದ ದೂರ ಸರಿದಂತೆ ಕ್ಷೇತ್ರವು ಮೇಲಿನ ಲೆಕ್ಕಕ್ಕಿಂತ ಬೇಗನೆ ಕುಗ್ಗುತ್ತದೆ. ಮನೆಯ ಗೋಡೆಗಳೂ ಮರಗಳೂ ಅದನ್ನು ಬಹುಮಟ್ಟಿಗೆ ತಡೆಯುತ್ತವೆ.

ತಂತಿಯ ಮೈಗೆ ಹತ್ತಿದಂತೆ ಪರಿಸ್ಥಿತಿ ತದ್ವಿರುದ್ಧ. ತಂತಿ ತೆಳುವಾದಷ್ಟೂ ಅದರ ಮೇಲ್ಮೈಯಲ್ಲಿ ಕ್ಷೇತ್ರ ತೀಕ್ಷ್ಣ. ಅದು ಸೆಂಟಿಮೀಟರಿಗೆ ಸುಮಾರು 30,000 ವೋಲ್ಟ್ ಮುಟ್ಟಿದರೆ ಗಾಳಿಯೇ ವಾಹಕವಾಗತೊಡಗುತ್ತದೆ. ಮಳೆಗಾಲದಲ್ಲಿ ತಂತಿಗಳಿಂದ ಕೇಳಿಬರುವ ಚಿಟಿಚಿಟಿ ಸದ್ದು ಇದರದೇ. ವಿದ್ಯುಚ್ಛಕ್ತಿಯೂ ಇದರಿಂದ ನಷ್ಟವಾಗುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿಲೋಮೀಟರ್ ವಿದ್ಯುತ್ತನ್ನು ಒಯ್ದಾಗ ವೋಲ್ಟೇಜು ಇಂದಿನದಕ್ಕಿಂತ ಬಹಳ ಕಡಿಮೆಯಿದ್ದುದರಿಂದ ಈ ತೊಡಕು ಅಷ್ಟಾಗಿ ಬಾಧಿಸುವಂತಿರಲಿಲ್ಲ. ಇಂದಿನ 4,00,000 ವೋಲ್ಟ್ ಮಾರ್ಗಗಳಲ್ಲಿ ಪ್ರತಿ ಹಂತಕ್ಕೂ ಎರಡು ಅಥವಾ ನಾಲ್ಕು ತಂತಿಗಳನ್ನು ಅಂತರವಿಟ್ಟು ಜೋಡಿಸುತ್ತಾರೆ. ಆ ಗುಂಪು ಒಂದೇ ದಪ್ಪ ತಂತಿಯಂತೆ ವರ್ತಿಸಿ, ಮೇಲ್ಮೈಯ ಕ್ಷೇತ್ರವನ್ನು ತಗ್ಗಿಸುತ್ತದೆ.

ಇಂತಹ ಮಾರ್ಗಗಳ ಅತಿ ತಗ್ಗಿದ ತಂತಿಯೂ ನೆಲದಿಂದ ಸುಮಾರು 8.8 ಮೀಟರ್ ಎತ್ತರದಲ್ಲಿರಬೇಕು. ಸಾರ್ವಜನಿಕರ ಮಟ್ಟಿಗೆ ಮೀಟರಿಗೆ 5,000 ವೋಲ್ಟ್ ಎಂಬುದು ಅಂತರರಾಷ್ಟ್ರೀಯ ಮಾರ್ಗದರ್ಶಿ ಮಿತಿ. ಮಾರ್ಗದ ಕೆಳಗೆ ನಿಂತ ಟ್ರ್ಯಾಕ್ಟರು, ತಂತಿಬೇಲಿ, ತಗಡಿನ ಮಾಡು ಮುಂತಾದವನ್ನು ಮುಟ್ಟಿದಾಗ ಚುರುಕೆನ್ನುವುದು ಅವುಗಳಲ್ಲಿ ಪ್ರೇರಿತವಾದ ಆವೇಶದಿಂದ. ಅವುಗಳನ್ನು ಭೂಮಿಗೆ ಸಂಪರ್ಕಿಸಿದರೆ ಇದು ನಿಲ್ಲುತ್ತದೆ. ನಿಜವಾದ ಅಪಾಯವಿರುವುದು ಉದ್ದನೆಯ ವಸ್ತುಗಳನ್ನು ಮೇಲೆತ್ತುವುದರಲ್ಲಿ. ನೀರಾವರಿಯ ಲೋಹದ ಪೈಪು, ಏಣಿ, ಹಸಿ ಬಿದಿರು ಇವು ತಂತಿಯನ್ನು ಮುಟ್ಟಬೇಕೆಂದೇನೂ ಇಲ್ಲ. ಸಮೀಪಿಸಿದರೂ ಕಿಡಿ ಹಾರಬಲ್ಲದು. ಇಂತಹವನ್ನು ಮಾರ್ಗದ ಕೆಳಗೆ ಅಡ್ಡಲಾಗಿ ಹಿಡಿದೇ ಸಾಗಿಸತಕ್ಕದ್ದು.