ತಾನೇ ಸರಿಹೊಂದದ ಬ್ರೇಕು

ವೈಟ್‌ಫೀಲ್ಡಿನ ವಾಹನದಟ್ಟಣೆಯಲ್ಲಿ ಕ್ಷಣಕ್ಷಣಕ್ಕೂ ತುಳಿಯುವ ಬ್ರೇಕಿನ ಪಟ್ಟಿ ಸವೆಯುವುದು ಸಹಜ. ಸವೆದಷ್ಟೂ ಅದಕ್ಕೂ ಡ್ರಮ್ಮಿಗೂ ನಡುವಣ ಅಂತರ ಹೆಚ್ಚಿ, ಪೆಡಲು ಆಳಕ್ಕಿಳಿಯುತ್ತದೆ. ಈ ಅಂತರವನ್ನು ತುಂಬಲೆಂದೇ ಅನೇಕ ಕಾರುಗಳಲ್ಲಿ ಎರಡು ಬ್ರೇಕ್ ಶೂಗಳ ನಡುವೆ ತಿರುಪಿನ ಸರಳೊಂದನ್ನೂ ಅದರ ಮೇಲೆ ಹಲ್ಲುಳ್ಳ ಪುಟ್ಟ ನಕ್ಷತ್ರಚಕ್ರವನ್ನೂ ಇಟ್ಟಿರುತ್ತಾರೆ. ಅಂತರ ಮಿತಿಮೀರಿದಾಗ ಬ್ರೇಕು ತುಳಿದರೆ (ಕೆಲವು ಕಾರುಗಳಲ್ಲಿ ಹಿಮ್ಮುಖವಾಗಿ ಚಲಿಸುವಾಗ ಮಾತ್ರ) ಸನ್ನೆಯೊಂದು ಚಕ್ರವನ್ನು ಒಂದು ಹಲ್ಲಿನಷ್ಟು ತಿರುಗಿಸುತ್ತದೆ. ಸರಳು ಕೂದಲೆಳೆಯಷ್ಟು ಉದ್ದವಾಗುತ್ತದೆ.

ಮನೆಯಲ್ಲಿಯೇ ಹೊಸ ಶೂ ಜೋಡಿಸಿದ ಮೇಲೂ ಪೆಡಲು ದಿನೇ ದಿನೇ ಕೆಳಗಿಳಿದರೆ ಕಾರಣವೇನು? ಬ್ರೇಕಿನ ಎಣ್ಣೆ ಸೋರುತ್ತಿಲ್ಲವೆಂದು ಖಚಿತವಾದ ಬಳಿಕ ನಾವು ಶಂಕಿಸಬೇಕಾದದ್ದು ಈ ಸರಳನ್ನೇ. ತಿರುಪು ತುಕ್ಕು ಹಿಡಿದಿರಬಹುದು. ಇಲ್ಲವೆ, ಎಡಬಲಗಳ ಸರಳುಗಳು ಅದಲುಬದಲಾಗಿರಬಹುದು! ಒಂದರ ತಿರುಪು ಇನ್ನೊಂದರ ಪ್ರತಿಬಿಂಬ. ಪೀಣ್ಯದ ಲೇತ್ ಕೆಲಸಗಾರರಿಗೆ ಎಡತಿರುಪು ಹೊಸದಲ್ಲ. ಹವ್ಯಾಸಿಯ ಕಣ್ಣಿಗೆ ಎರಡೂ ಒಂದೇ. ಬದಲಾದಾಗ ಸನ್ನೆ ತಿರುಗಿಸಿದಷ್ಟೂ ಸರಳು ಕುಗ್ಗುತ್ತದೆ, ಬ್ರೇಕು ತನ್ನನ್ನು ತಾನೇ ಸಡಿಲಿಸಿಕೊಳ್ಳುತ್ತದೆ.

ಸನ್ನೆ ತಳ್ಳುವ ದಿಕ್ಕಿಗೆ ಚಕ್ರವನ್ನು ಬೆರಳಿನಿಂದ ತಿರುಗಿಸಿ ನೋಡಿರಿ, ಸರಳು ಉದ್ದವಾಗಬೇಕು. ಒಂದು ಬದಿಯ ಕೆಲಸ ಮುಗಿಯುವವರೆಗೆ ಇನ್ನೊಂದನ್ನು ಬಿಚ್ಚದಿದ್ದರೆ ಮಾದರಿ ಕಣ್ಣೆದುರಿಗೇ ಇರುತ್ತದೆ. ಡ್ರಮ್ಮಿನೊಳಗಿನ ಧೂಳನ್ನು ಮಾತ್ರ ಊದಬೇಡಿರಿ: ಹಳೆಯ ಪಟ್ಟಿಗಳಲ್ಲಿ ಕಲ್ನಾರು ಇರಬಹುದು. ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ.