ಪೊಲೀಸರು ಬಿಟ್ಟ ಬಂದೂಕು ರೈತನಿಗೆ ಸಿಗುವುದೇ?
ಬೆಳೆ ಕಾಯುವ ಕೋವಿಯನ್ನು ಕೊಳ್ಳುವ, ತೊಳೆಯುವ, ಹಿಡಿಯುವ ಬಗೆ

ಮುನಿರಾಬಾದಿನ ಕಡೆಯ ವಾಚನಾಲಯವೊಂದರಲ್ಲಿ ಕುಳಿತಿದ್ದಾಗ ಹಿರಿಯ ರೈತರೊಬ್ಬರು ಪತ್ರಿಕೆ ಮಡಚಿಟ್ಟು ಕೇಳಿದರು: "ಸಾಹೇಬ್ರ, ಪೊಲೀಸರು ತಮ್ಮ ಹಳೇ ತ್ರೀ ನಾಟ್ ತ್ರೀ ಬಂದೂಕ ಬಿಟ್ಟಾರಂತ. ಅವನ್ನ ಲಿಲಾವಿನ್ಯಾಗ ನಮಗ ಕೊಡತಾರೇನ್ರಿ? ಹಂದಿ ಕಾಟ ತಡಿಯಾಕ ಆಗವಲ್ದು." ಅವರ ಮೆಕ್ಕೆಜೋಳದ ಹೊಲಕ್ಕೆ ಹಿಂದಿನ ರಾತ್ರಿ ಹಂದಿಗಳ ಹಿಂಡು ನುಗ್ಗಿತ್ತು. ತಿಂದದ್ದಕ್ಕಿಂತ ತುಳಿದು ಕೆಡವಿದ್ದೇ ಹೆಚ್ಚು.

ಪ್ರಶ್ನೆ ಅವರೊಬ್ಬರದಲ್ಲ. ಗಂಗಾವತಿಯ ಭತ್ತದ ಗದ್ದೆ, ಕೊಪ್ಪಳದ ಗುಡ್ಡದಂಚಿನ ಶೇಂಗಾ, ಯಲಬುರ್ಗಾದ ಕಡಲೆ, ಎಲ್ಲ ಕಡೆಯೂ ಒಂದಲ್ಲ ಒಂದು ಕಾಡುಪ್ರಾಣಿಯ ಕಾಟ ಇದ್ದೇ ಇದೆ. ಆದ್ದರಿಂದ ಉತ್ತರವನ್ನು ಸ್ವಲ್ಪ ವಿವರವಾಗಿಯೇ ಕೊಡಬೇಕಾಗಿದೆ.

ಮೊದಲು ನೇರ ಉತ್ತರ: ಇಲ್ಲ, ಸಿಗುವುದಿಲ್ಲ.

ತ್ರೀ ನಾಟ್ ತ್ರೀ ಎಂದರೆ ಲೀ-ಎನ್‌ಫೀಲ್ಡ್ ರೈಫಲ್. ನಳಿಗೆಯ ಒಳ ಅಗಲ ಅಂಗುಲದ ಸಾವಿರದಲ್ಲಿ 303 ಪಾಲು ಇರುವುದರಿಂದ ಆ ಹೆಸರು. ಒಂದು ಗುಂಡು ಹಾರಿಸಿದ ಮೇಲೆ ಕೈಯಿಂದ ಬೋಲ್ಟನ್ನು ಎತ್ತಿ ಹಿಂದಕ್ಕೆಳೆದು ಮುಂದಕ್ಕೆ ದೂಡಿದರೆ ಮುಂದಿನ ತೋಟಾ ಒಳಗೆ ಹೋಗುತ್ತದೆ. ಪೆಟ್ಟಿಗೆಯಲ್ಲಿ ಹತ್ತು ತೋಟಾ ಹಿಡಿಯುತ್ತವೆ. ಎರಡು ಮಹಾಯುದ್ಧಗಳಲ್ಲಿ ನಮ್ಮ ಸಿಪಾಯಿಗಳು ಹೊತ್ತದ್ದು ಇದನ್ನೇ. ಬಂಗಾಳದ ಈಶಾಪುರದ ಕಾರ್ಖಾನೆಯಲ್ಲಿ ಇದು ದೊಡ್ಡ ಸಂಖ್ಯೆಯಲ್ಲಿ ತಯಾರಾಯಿತು. ಸೈನ್ಯದಿಂದ ಹೋದ ಮೇಲೂ ಪೊಲೀಸರ ಹೆಗಲ ಮೇಲೆ ದಶಕಗಟ್ಟಲೆ ಉಳಿಯಿತು. ಉತ್ತರಪ್ರದೇಶದ ಪೊಲೀಸರು ಇದಕ್ಕೆ ವಿಧ್ಯುಕ್ತವಾಗಿ ವಿದಾಯ ಹೇಳಿದ್ದು 2020ರ ಜನವರಿಯ ಗಣರಾಜ್ಯೋತ್ಸವದಂದು.

ಅಮೆರಿಕ, ಕೆನಡಾ ಮುಂತಾದ ದೇಶಗಳಲ್ಲಿ ಎರಡನೆಯ ಮಹಾಯುದ್ಧ ಮುಗಿದ ಮೇಲೆ ಇಂಥ ಹಳೆಯ ಮಿಲಿಟರಿ ಬಂದೂಕುಗಳನ್ನು ರಾಶಿ ರಾಶಿಯಾಗಿ ಮಾರಿದರು. ಅಲ್ಲಿನ ರೈತರು ಅಗ್ಗದಲ್ಲಿ ಕೊಂಡು ಬೇಟೆಗೆ ಬಳಸಿದರು. ಅಮೆರಿಕದಲ್ಲಂತೂ ಅಂಚೆಯ ಮೂಲಕವೇ ಬಂದೂಕು ಬರುತ್ತಿತ್ತು. 1963ರಲ್ಲಿ ಅಧ್ಯಕ್ಷ ಕೆನಡಿಯವರ ಕೊಲೆಗೆ ಬಳಸಿದ ಇಟಲಿಯ ಹಳೆಯ ಮಿಲಿಟರಿ ರೈಫಲ್ಲು ದುರ್ಬೀನು ಸಹಿತ 20 ಡಾಲರಿಗೂ ಕಡಿಮೆ ಬೆಲೆಗೆ ಅಂಚೆಯಲ್ಲಿ ತರಿಸಿದ್ದಾಗಿತ್ತು. 1968ರ ಕಾಯ್ದೆ ಆ ವ್ಯಾಪಾರವನ್ನು ಅಲ್ಲಿಯೂ ನಿಲ್ಲಿಸಿತು.

ನಮ್ಮಲ್ಲಿ ಮಾತ್ರ ಮೊದಲಿನಿಂದಲೂ ಬೇರೆ ಲೆಕ್ಕ. 1857ರಲ್ಲಿ ಬ್ರಿಟಿಷರು ನಿಶ್ಶಸ್ತ್ರೀಕರಣ ಕಾಯ್ದೆ ತಂದಾಗ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿ ಪ್ರಾಣ ಕೊಟ್ಟರು. ಮರುವರ್ಷ ಮುಂಡರಗಿ ಭೀಮರಾಯರು ನಮ್ಮ ಕೊಪ್ಪಳದ ಕೋಟೆಯಲ್ಲಿಯೇ ಹೋರಾಡುತ್ತ ಮಡಿದರು. ಸೈನ್ಯದ ತೋಟಾ ಜನರ ಕೈಸೇರಬಾರದೆಂಬುದು ಅಂದಿನ ಸರಕಾರದ ಚಿಂತೆ. ಸ್ವತಂತ್ರ ಭಾರತ 1959ರಲ್ಲಿ ತನ್ನದೇ ಆಯುಧ ಕಾಯ್ದೆ ಮಾಡಿತು, ಅದು ಜಾರಿಗೆ ಬಂದದ್ದು 1962ರ ಅಕ್ಟೋಬರ್ 1ರಂದು. ಸೈನ್ಯದ .303 ಹಾಗೂ 7.62 ಮಿ.ಮೀ. ತೋಟಾ ಹಿಡಿಯುವ ಬೋಲ್ಟ್ ರೈಫಲ್ಲುಗಳು ಇಂದಿಗೂ ನಿಷೇಧಿತ ಆಯುಧಗಳ ಪಟ್ಟಿಯಲ್ಲಿವೆ. ಕೇಂದ್ರ ಸರಕಾರದ ವಿಶೇಷ ಅಪ್ಪಣೆ ಇಲ್ಲದೆ ಇಟ್ಟುಕೊಂಡರೆ 2019ರ ತಿದ್ದುಪಡಿಯ ಪ್ರಕಾರ ಏಳರಿಂದ ಹದಿನಾಲ್ಕು ವರ್ಷ ಸೆರೆವಾಸ. ಯಾರಾದರೂ "ಮಿಲಿಟರಿ ಮಾಲು, ಅಗ್ಗಕ್ಕೆ ಕೊಡ್ತೀನಿ" ಎಂದು ಬಂದರೆ ಅವನ ಮಾತಿಗೆ ಕಿವಿಗೊಡದಿರುವುದೇ ಲೇಸು.

ರೈತನಿಗೆ ಸಿಗುವುದು ಯಾವುದು?

ಅದೇ 1959ರ ಕಾಯ್ದೆಯ 13ನೆಯ ಕಲಮಿನಲ್ಲಿ ರೈತನ ಹೆಸರಿಲ್ಲದಿದ್ದರೂ ರೈತನ ಕೆಲಸದ ಹೆಸರಿದೆ. ಪ್ರಾಮಾಣಿಕವಾಗಿ ಬೆಳೆ ಕಾಯಲು ಬೇಕಾದ, ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಗೆ ಲೈಸೆನ್ಸ್ ಕೊಡಬೇಕೆಂದು ಅದು ಹೇಳುತ್ತದೆ. ಅಷ್ಟರಿಂದ ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಒಳಮೈ ನುಣುಪಾಗಿರುವ ಬೇರೆ ಕೋವಿಗೂ ಕೊಡಬಹುದು. ನಮ್ಮ ಕಡೆ ಹಾಗೆಂದರೆ ಹನ್ನೆರಡು ಬೋರಿನ ಒಂಟಿ ನಳಿಗೆ ಅಥವಾ ಜೋಡು ನಳಿಗೆ. ಅರ್ಜಿ ಹೋಗಬೇಕಾದದ್ದು ಜಿಲ್ಲಾ ದಂಡಾಧಿಕಾರಿಗಳಾದ ಜಿಲ್ಲಾಧಿಕಾರಿಗಳಿಗೆ. ಪೊಲೀಸ್ ವರದಿ ತರಿಸುತ್ತಾರೆ. 2016ರ ನಿಯಮಗಳು ಬಂದ ಮೇಲೆ ಆಯುಧದ ಸುರಕ್ಷಿತ ಬಳಕೆಯ ತರಬೇತಿಯನ್ನೂ ಕೇಳುತ್ತಾರೆ. ಅರ್ಜಿಯ ಜೊತೆ ಜಮೀನಿನ ಪಹಣಿ, ಹಿಂದೆ ಬೆಳೆ ಹಾನಿಯ ಬಗ್ಗೆ ಕೊಟ್ಟ ದೂರಿನ ನಕಲು ಇಟ್ಟರೆ ಕಾರಣಕ್ಕೆ ಬಲ ಬರುತ್ತದೆ. ಈಗ ಲೈಸೆನ್ಸ್ ಅವಧಿ ಐದು ವರ್ಷ. ಒಬ್ಬರ ಹತ್ತಿರ ಎರಡಕ್ಕಿಂತ ಹೆಚ್ಚು ಬಂದೂಕು ಇರಕೂಡದು.

ಇನ್ನು ಬೋಲ್ಟ್ ರೈಫಲ್ಲೇ ಬೇಕೆನ್ನುವವರಿಗೆ .315 ಬೋರಿನದೊಂದಿದೆ. ಈಶಾಪುರದ ಅದೇ ಕಾರ್ಖಾನೆ ಲೀ-ಎನ್‌ಫೀಲ್ಡಿನ ಯಂತ್ರವನ್ನೇ ಇಟ್ಟುಕೊಂಡು, ಸೈನ್ಯದ ತೋಟಾ ಹಿಡಿಯದಂತೆ ಬೋರು ಬದಲಿಸಿ, ಜನರಿಗಾಗಿ ಮಾಡಿದ್ದು. ತ್ರೀ ನಾಟ್ ತ್ರೀಯ ಕಾನೂನುಬದ್ಧ ದಾಯಾದಿ ಎನ್ನಬಹುದು. ಆದರೆ ಇದು ಬೆಳೆ ಕಾವಲಿನ ಲೈಸೆನ್ಸಿನಲ್ಲಿ ಬರುವುದಿಲ್ಲ, ಬೇರೆ ಕಾರಣ ತೋರಿಸಬೇಕು. ನನ್ನನ್ನು ಕೇಳಿದರೆ ಹೊಲ ಕಾಯಲು ಇದು ಬೇಡವೇ ಬೇಡ. ಇಂಥ ರೈಫಲ್ಲಿನ ಗುಂಡು ಗುರಿ ತಪ್ಪಿದರೆ ಎರಡು ಕಿ.ಮೀ.ಗೂ ಮೀರಿ ಹೋಗಬಲ್ಲದು. ಎಡದಂಡೆ ಕಾಲುವೆಯ ಬಯಲಿನಲ್ಲಿ ಅಷ್ಟು ದೂರದೊಳಗೆ ಒಂದು ಊರು, ಒಂದು ಕ್ಯಾಂಪು, ನೀರು ಹಾಯಿಸುತ್ತಿರುವ ಹತ್ತು ಜನ ಇದ್ದೇ ಇರುತ್ತಾರೆ. ಹನ್ನೆರಡು ಬೋರಿನ ಎಲ್.ಜಿ. ಛರ್ರಿಯೂ ನಿರುಪದ್ರವಿಯಲ್ಲ. ಪ್ರಾಣಿಗೆ ಸರಿಯಾಗಿ ತಾಗುವುದು 35–40 ಮೀಟರಿನೊಳಗೆ, ಆದರೆ ಚೆದುರಿದ ಬಿಡಿ ಛರ್ರಿ ಆರು-ಏಳು ನೂರು ಮೀಟರ್ ದೂರ ಹೋಗಿ ಬೀಳುತ್ತದೆ.

ಲೈಸೆನ್ಸ್ ಇದ್ದರೆ ಹೊಡೆಯಬಹುದೇ?

ಇಲ್ಲಿಯೇ ಬಹಳ ಜನ ಎಡವುತ್ತಾರೆ. ಕೋವಿಯ ಲೈಸೆನ್ಸು ಬೇರೆ, ಪ್ರಾಣಿ ಹೊಡೆಯುವ ಅಪ್ಪಣೆ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರಂತೆ ಕಾಡುಹಂದಿ ಎರಡನೆಯ ಅನುಸೂಚಿಯಲ್ಲಿದೆ. ನಿಂತ ಬೆಳೆಗೆ ಅಪಾಯವೆಂದು ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಕಾರಣ ಬರೆದು ಲಿಖಿತ ಅಪ್ಪಣೆ ಕೊಟ್ಟರೆ ಮಾತ್ರ ಹೊಡೆಯಬಹುದು. ಹಾಗೆ ಸತ್ತ ಪ್ರಾಣಿಯೂ ಸರಕಾರದ ಸ್ವತ್ತು, ಮನೆಗೆ ಒಯ್ಯುವಂತಿಲ್ಲ.

ಯಲಬುರ್ಗಾ, ಕುಕನೂರು ಕಡೆಯ ಎರೆ ಹೊಲಗಳಲ್ಲಿ ಹಿಂಡು ಹಿಂಡಾಗಿ ಮೇಯುವ ಕೃಷ್ಣಮೃಗ, ನಮ್ಮ ಕಲ್ಲುಗುಡ್ಡಗಳ ಕರಡಿ, ಚಿರತೆ, ನವಿಲು, ಇವೆಲ್ಲ ಒಂದನೆಯ ಅನುಸೂಚಿಯವು. ಬೆಳೆ ತಿಂದವೆಂದು ಇವುಗಳ ಮೇಲೆ ಕೋವಿ ಎತ್ತುವ ಮಾತೇ ಇಲ್ಲ. ಮೊಳಕೆಯೊಡೆದ ಕಡಲೆಯನ್ನು ಒಂದೇ ರಾತ್ರಿಗೆ ಕೃಷ್ಣಮೃಗ ಬೋಳಿಸಿಹೋದಾಗ ರೈತನ ಹೊಟ್ಟೆಯಲ್ಲಿ ಏಳುವ ಸಂಕಟ ಈ ಲೇಖಕನಿಗೆ ತಿಳಿಯದ್ದಲ್ಲ. ಆದರೂ ದಾರಿ ಇರುವುದು ಅರಣ್ಯ ಇಲಾಖೆಯ ಕಚೇರಿಯ ಕಡೆಗೇ: ಹಾನಿಯಾದ ಕೂಡಲೇ ಅರ್ಜಿ, ಸ್ಥಳ ಪರಿಶೀಲನೆ, ಪರಿಹಾರ. ಮೈಮೇಲೆ ಬಂದ ಪ್ರಾಣಿಯಿಂದ ಜೀವ ಉಳಿಸಿಕೊಳ್ಳಲು ಸದ್ಭಾವನೆಯಿಂದ ಹೊಡೆದರೆ ಅದು ಅಪರಾಧವಲ್ಲವೆಂದೂ ಕಾಯ್ದೆಯಲ್ಲಿದೆ.

ಹಾಗಾದರೆ ಕೋವಿ ಯಾತಕ್ಕೆ ಎಂದು ಕೇಳಬಹುದು. ಹೆಚ್ಚಿನ ರಾತ್ರಿ ಅದರ ಕೆಲಸ ಸಪ್ಪಳ ಮಾಡುವುದಷ್ಟೇ. ಕೇಪಿನ ಕೋವಿಯಲ್ಲಿ ಗುಂಡು ಹಾಕದೆ ಬರೀ ಮದ್ದು ಸಿಡಿಸಿದರೂ ಹಿಂಡು ಓಡುತ್ತದೆ.

ಕೊಳ್ಳುವಾಗ ನೋಡತಕ್ಕದ್ದು

ಲೈಸೆನ್ಸ್ ಇರುವ ಅಂಗಡಿಯಲ್ಲಿ, ಇಲ್ಲವೇ ಲೈಸೆನ್ಸ್ ಇರುವವರಿಂದ ಅಧಿಕಾರಿಗೆ ತಿಳಿಸಿಯೇ ಕೊಳ್ಳಬೇಕು. ಕೋವಿಯ ಮೇಲಿನ ನಂಬರಿಗೂ ಕಾಗದದ ನಂಬರಿಗೂ ತಾಳೆ ನೋಡಿರಿ. ನಂಬರು ಅರೆದು ಅಳಿಸಿದ್ದರೆ ಅಲ್ಲಿಂದ ಎದ್ದು ಬನ್ನಿರಿ.

ಎತ್ತು ಕೊಳ್ಳುವಾಗ ಹಲ್ಲು ನೋಡುವಂತೆ ಕೋವಿಯ ನಳಿಗೆ ನೋಡಬೇಕು. ತೋಟಾ ಇಲ್ಲವೆಂದು ಖಾತ್ರಿ ಮಾಡಿಕೊಂಡು, ನಳಿಗೆ ತೆರೆದು ಬೆಳಕಿನ ಕಡೆ ಹಿಡಿಯಿರಿ. ಒಳಗೆ ಕನ್ನಡಿಯಂತೆ ಹೊಳೆಯಬೇಕು. ಕಪ್ಪು ಉಂಗುರದಂತೆ ನೆರಳು ಕಂಡರೆ ಅಲ್ಲಿ ನಳಿಗೆ ಉಬ್ಬಿದೆ ಎಂದರ್ಥ, ಅದು ಯಾವಾಗಲಾದರೂ ಸೀಳೀತು. ಮುಚ್ಚಿದಾಗ ಕೀಲು ಅಲುಗಾಡಬಾರದು. ಕುದುರೆಯನ್ನು ಅರ್ಧಕ್ಕೆ ನಿಲ್ಲಿಸಿ ಬಿಲ್ಲನ್ನು ಒತ್ತಿದರೆ ಅದು ಬೀಳಬಾರದು. ಅಜ್ಜಂದಿರ ಕಾಲದ ಕೆಲವು ವಿಲಾಯಿತಿ ಕೋವಿಗಳ ನಳಿಗೆಯ ಮೇಲೆ ಹಾವಿನ ಮೈಯಂಥ ಗೆರೆಗಳಿರುತ್ತವೆ. ಕಬ್ಬಿಣದ ಪಟ್ಟಿ ಸುತ್ತಿ ಬೆಸೆದ ಆ ನಳಿಗೆಗಳು ಕರಿಮದ್ದಿಗಾಗಿ ಮಾಡಿದವು. ಈಗಿನ ತೋಟಾದ ಬಿರುಸನ್ನು ಅವು ತಡೆಯಲಾರವು. ಇನ್ನೊಂದು ಮಾತು: ಹಳೆಯ ಹನ್ನೆರಡು ಬೋರುಗಳಲ್ಲಿ ತೋಟಾ ಕೂಡುವ ಕೋಣೆ 65 ಮಿ.ಮೀ. ಇರುತ್ತದೆ, ಈಗಿನ ತೋಟಾ ಹೆಚ್ಚಾಗಿ 70 ಮಿ.ಮೀ.ನದು. ಒಳಗೆ ಹೋಗಿ ಕೂಡುತ್ತದೆ ನಿಜ, ಆದರೆ ಸಿಡಿದಾಗ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ. ಕೋವಿಯ ಮೇಲಿನ ಮುದ್ರೆ ಓದಿಸಿ ತೋಟಾ ಕೊಳ್ಳಿರಿ. ಬೋಲ್ಟ್ ರೈಫಲ್ಲಾದರೆ ಬೋಲ್ಟಿನ ನಂಬರು, ಮೈನಂಬರು ಒಂದೇ ಇರಬೇಕು. ಒಂದರ ಬೋಲ್ಟ್ ಇನ್ನೊಂದಕ್ಕೆ ಹಾಕಿದರೆ ತೋಟಾದ ಹಿಂದೆ ಸಂದು ಉಳಿದು, ಬೆಂಕಿ ಹೊಡೆಯುವವನ ಮುಖಕ್ಕೇ ಬಂದೀತು.

ತೊಳೆಯುವುದು

ಹಳೆಯ ಸಿಪಾಯಿಗಳು ತ್ರೀ ನಾಟ್ ತ್ರೀ ಹಾರಿಸಿದ ದಿನ ನಳಿಗೆಯೊಳಗೆ ಕುದಿಯುವ ನೀರು ಹೊಯ್ಯುತ್ತಿದ್ದರು. ಅದು ಹುಚ್ಚಾಟವಲ್ಲ. ಆಗಿನ ತೋಟಾದ ಕೇಪಿನಲ್ಲಿದ್ದ ರಾಸಾಯನಿಕ ಸುಟ್ಟಮೇಲೆ ಉಪ್ಪಿನಂಥ ಪದಾರ್ಥ ಉಳಿಯುತ್ತಿತ್ತು. ಉಪ್ಪು ಗಾಳಿಯ ತೇವ ಹೀರುತ್ತದೆ, ತೇವ ತುಕ್ಕು ಹಿಡಿಸುತ್ತದೆ. ಎಣ್ಣೆಯಲ್ಲಿ ಉಪ್ಪು ಕರಗದು, ನೀರಿನಲ್ಲಿ ಕರಗುತ್ತದೆ. ನಮ್ಮ ಕೇಪಿನ ಕೋವಿಯ ಕರಿಮದ್ದಿಗೂ ಇದೇ ನ್ಯಾಯ. ಹೊಡೆದು ಬಂದು ಹಾಗೇ ಗೋಡೆಗೆ ತೂಗುಹಾಕಿದರೆ ಮಳೆಗಾಲದಲ್ಲಿ ಕೆಲವೇ ದಿನಗಳಲ್ಲಿ ನಳಿಗೆಯೊಳಗೆ ಕೆಂಪು ಏಳುತ್ತದೆ.

ಆದ್ದರಿಂದ ಅಂದೇ ತೊಳೆಯಬೇಕು. ಮೊದಲು ಕೋವಿ ಖಾಲಿ ಇದೆಯೇ ಎಂದು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ತಿಳಿಯಿರಿ. ತೋಟಾ, ಮದ್ದು ಬೇರೆ ಕೋಣೆಯಲ್ಲಿರಲಿ. ಕೇಪಿನ ಕೋವಿಗೆ ಬಿಸಿನೀರು ಹೊಯ್ದು, ಗಜಕ್ಕೆ ಬಟ್ಟೆ ಸುತ್ತಿ, ನೀರು ತಿಳಿಯಾಗಿ ಬರುವ ತನಕ ಆಡಿಸಿರಿ. ಬಿಸಿಯಾದ ಕಬ್ಬಿಣ ತಾನೇ ಬೇಗ ಆರುತ್ತದೆ. ಪೂರ್ತಿ ಒಣಗಿದ ಮೇಲೆ ತೆಳುವಾಗಿ ಬಂದೂಕಿನ ಎಣ್ಣೆ. ಶೇಂಗಾ ಎಣ್ಣೆ, ಕುಸುಬಿ ಎಣ್ಣೆ ಹಚ್ಚಬೇಡಿರಿ, ಅವು ಗೋಂದಿನಂತೆ ಗಟ್ಟಿಯಾಗಿ ಬಿಲ್ಲು ಹಿಡಿದುಕೊಳ್ಳುತ್ತದೆ. ತೋಟಾ ಕೋವಿಗೆ ಈಗಿನ ತೋಟಾ ಹಾಕಿದರೆ ನೀರು ಬೇಕಿಲ್ಲ. ಕಂಚಿನ ಬ್ರಶ್ಶು, ಒಣ ಬಟ್ಟೆ, ಎಣ್ಣೆ ಬಟ್ಟೆ, ಇಷ್ಟು ಸಾಕು. ಬೋಲ್ಟ್ ರೈಫಲ್ಲಿನ ಬೋಲ್ಟ್ ತೆಗೆದು ಹಿಂದಿನಿಂದಲೇ ಗಜ ಹಾಕಿರಿ. ಮುಂದಿನಿಂದ ಹಾಕಿದರೆ ಬಾಯಿಯ ಅಂಚು ಸವೆದು ಗುರಿ ಕೆಡುತ್ತದೆ. ಮುಂದೆ ಹೊಡೆಯುವ ಮೊದಲು ನಳಿಗೆಯೊಳಗಿನ ಎಣ್ಣೆ ಒರೆಸಿ ತೆಗೆಯಬೇಕು.

ಹೊಲಕ್ಕೆ ಹೊರಡುವ ಮುನ್ನ ನಳಿಗೆಯ ಬಾಯಿ ನೋಡುವುದನ್ನು ಮರೆಯದಿರಿ. ಮೂಲೆಯಲ್ಲಿ ನಿಂತ ಕೋವಿಯೊಳಗೆ ಕಣಜದ ಹುಳ ಮಣ್ಣಿನ ಗೂಡು ಕಟ್ಟುತ್ತದೆ. ಗದ್ದೆಯ ಬದುವಿನಲ್ಲಿ ಜಾರಿ ಬಿದ್ದರೆ ಕೆಸರು ತುಂಬುತ್ತದೆ. ಅಂಥ ನಳಿಗೆಯಲ್ಲಿ ಗುಂಡು ಹಾರಿಸಿದರೆ ನಳಿಗೆಯೇ ಬಿರಿದು ಎಡಗೈ ಹೋಗುತ್ತದೆ.

ಹಿಡಿಯುವುದು, ಇಡುವುದು

ಖಾಲಿ ಕೋವಿಯೆಂಬುದು ಇಲ್ಲವೇ ಇಲ್ಲವೆಂದು ತಿಳಿದು ನಡೆಯಿರಿ. ಬಾಯಿ ಯಾವಾಗಲೂ ಜನ, ದನ, ಮನೆ ಇಲ್ಲದ ಕಡೆಗೆ. ಹೊಡೆಯುವ ಗಳಿಗೆಯ ತನಕ ಬೆರಳು ಬಿಲ್ಲಿನ ಹೊರಗೆ. ಬದು ಏರುವಾಗ, ಕಾಲುವೆ ದಾಟುವಾಗ, ಅಟ್ಟಣಿಗೆ ಹತ್ತುವಾಗ ತೋಟಾ ತೆಗೆದೇ ಹೋಗಬೇಕು.

ರಾತ್ರಿ ಸಪ್ಪಳದ ಮೇಲೆ ಗುಂಡು ಬೇಡ. ಜೋಳದೊಳಗೆ ಸರಬರ ಎಂದದ್ದು ಹಂದಿಯೇ ಆಗಬೇಕೆಂದಿಲ್ಲ. ನೀರಿನ ಸರದಿಗೆ ಬಂದ ಪಕ್ಕದ ಹೊಲದವರಿರಬಹುದು, ಬಯಲಿಗೆ ಬಂದ ಹೆಣ್ಣುಮಗಳಿರಬಹುದು, ತಪ್ಪಿಸಿಕೊಂಡ ಎಮ್ಮೆಕರು ಇರಬಹುದು. ಬ್ಯಾಟರಿ ಬೆಳಕಿನಲ್ಲಿ ಹೊಳೆಯುವ ಎರಡು ಕಣ್ಣೂ ಸಾಕಾಗುವುದಿಲ್ಲ. ಇಡೀ ಪ್ರಾಣಿ ಕಾಣಬೇಕು, ಅದರ ಹಿಂದೇನಿದೆ ಎಂಬುದೂ ಕಾಣಬೇಕು. ಹಂದಿಯೆಂದು ಹೊಡೆದು ಮನುಷ್ಯರನ್ನು ಕೊಂದ ಸುದ್ದಿ ನಮ್ಮ ರಾಜ್ಯದಲ್ಲಿ ಆಗಾಗ ಓದುತ್ತಲೇ ಇದ್ದೇವೆ. ಹೊಡೆದವರು, ಸತ್ತವರು ಅನೇಕ ಸಲ ಒಂದೇ ಊರಿನವರು, ಒಂದೇ ಬೇಟೆಗೆ ಹೋದವರು.

ಬಿಲ್ಲೆಳೆದರೂ ಸಿಡಿಯದಿದ್ದರೆ ಕೂಡಲೇ ನಳಿಗೆ ತೆರೆದು ಇಣುಕಬೇಡಿರಿ. ನಿರಪಾಯದ ದಿಕ್ಕಿಗೆ ಹಿಡಿದು ಒಂದು ನಿಮಿಷ ಕಾಯಿರಿ, ತಡವಾಗಿ ಸಿಡಿಯುವುದುಂಟು. ಕೇಪಿನ ಕೋವಿಯಲ್ಲಿ ತುಂಬಿದ್ದನ್ನು ಮರೆತು ಮತ್ತೆ ತುಂಬುವ ಅಪಾಯ ಹೆಚ್ಚು. ಅದಕ್ಕೆ ಗಜವನ್ನು ಖಾಲಿ ನಳಿಗೆಯಲ್ಲಿ ಇಳಿಬಿಟ್ಟು ಬಾಯಿಯ ಮಟ್ಟಕ್ಕೆ ಒಂದು ಗೆರೆ ಕೊರೆದಿಡಿರಿ. ಗೆರೆ ಮೇಲೆ ನಿಂತರೆ ಒಳಗೆ ಏನೋ ಇದೆ. ಅದರಲ್ಲಿ ಕರಿಮದ್ದಲ್ಲದೆ ಬೇರೆ ಮದ್ದು, ಅದರಲ್ಲೂ ತೋಟಾ ಬಿಚ್ಚಿ ತೆಗೆದ ಮದ್ದು, ಎಂದಿಗೂ ಕೂಡದು. ಮದುವೆ, ಜಾತ್ರೆಗಳಲ್ಲಿ ಸಂಭ್ರಮಕ್ಕೆಂದು ಬೇರೆಯವರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸುವುದಕ್ಕೆ 2019ರಿಂದ ಎರಡು ವರ್ಷದವರೆಗೆ ಸೆರೆ, ಇಲ್ಲವೇ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ ಇವೆ.

ಮನೆಯಲ್ಲಿ ಕೋವಿಗೊಂದು ಬೀಗ, ತೋಟಾಕ್ಕೊಂದು ಬೀಗ, ಕೀಲಿ ಲೈಸೆನ್ಸುದಾರರ ಉಡಿದಾರದಲ್ಲಿ. ಹುಡುಗರ ಕೈಗೆಟುಕುವ ಗೂಟಕ್ಕೆ ತೂಗುಹಾಕುವ ಹಳೆಯ ರೂಢಿ ಬಿಡಬೇಕು.

ಕೊನೆಗೆ, ವಾಚನಾಲಯದ ಆ ಹಿರಿಯರು ಎದ್ದು ಹೋಗುವಾಗ ಮೆಲ್ಲಗೆ ಹೇಳಿದ ಮಾತು: "ನಮ್ಮಪ್ಪಂದು ಒಂದು ಕೇಪಿನ ಕೋವಿ ಅಟ್ಟದ ಮ್ಯಾಲ ಐತ್ರಿ. ಅಪ್ಪ ಹೋಗಿ ಆರು ವರ್ಷ ಆತು." ಇಂಥ ಕೋವಿ ಅನೇಕ ಮನೆಗಳಲ್ಲಿವೆ. ಲೈಸೆನ್ಸುದಾರ ತೀರಿಕೊಂಡ ಕೂಡಲೇ ಆ ಲೈಸೆನ್ಸೂ ಮುಗಿಯಿತು. ವಾರಸುದಾರರು ತಡಮಾಡದೆ ಅದನ್ನು ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ಅಂಗಡಿಯಲ್ಲಿ ಜಮೆ ಮಾಡಿ, ಬೇಕಿದ್ದರೆ ತಮ್ಮ ಹೆಸರಿಗೆ ಅರ್ಜಿ ಕೊಡಬೇಕು. ಹಾಗೇ ಇಟ್ಟುಕೊಂಡರೆ ಲೈಸೆನ್ಸಿಲ್ಲದ ಆಯುಧವಾಗಿ ಎರಡರಿಂದ ಐದು ವರ್ಷದ ಶಿಕ್ಷೆಗೆ ದಾರಿ. ಅವರಿಗೆ ಹೇಳಿದ್ದು ಇಷ್ಟು: ತಂದೆಯ ಹಳೆಯ ಲೈಸೆನ್ಸ್ ಪುಸ್ತಕ, ಮರಣದ ದಾಖಲೆ ಹಿಡಿದು, ಊರಿನ ಇಬ್ಬರನ್ನು ಕರೆದುಕೊಂಡು ಮೊದಲು ಠಾಣೆಗೆ ಹೋಗಿ ತಿಳಿಸಿರಿ. ಜಮೆ ಮಾಡಿದ ಮೇಲೆ ಕೋವಿಯ ನಂಬರು ಬರೆದ ರಸೀದಿ ತಪ್ಪದೆ ಪಡೆಯಿರಿ. ಚುನಾವಣೆಯ ಕಾಲಕ್ಕೆ ಕೋವಿ ಒಪ್ಪಿಸಿದಾಗಲೂ ಆ ರಸೀದಿಯೇ ಆಧಾರ, ಅದಿಲ್ಲದೆ ಕೋವಿ ಮರಳಿ ಪಡೆಯಲು ತಿರುಗಾಡುವುದು ತಪ್ಪದು.